ಗ್ಯಾಲರಿಗೆ ದೂರ, ಹೆದ್ದಾರಿಗೆ ಹತ್ತಿರ

ಹಾವೇರಿ ಸೀಮೆಯ ಹಾನಗಲ್, ಶಿಗ್ಗಾವಿ, ಹಿರೇಕೆರೂರು ತಾಲ್ಲೂಕುಗಳು 1956ರವರೆಗೆ ಮುಂಬೈ ಆಡಳಿತದಲ್ಲಿದ್ದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಮೈಸೂರಿನವರಿಗೆ ಅರಮನೆಯ ಆಶ್ರಯ ಸಿಕ್ಕರೆ, ಈ ಸೀಮೆಯ ಚಿತ್ರಕಾರರು ಮುಖ ಮಾಡಿದ್ದು ಮುಂಬೈನ ಜೆ.ಜೆ. ಕಲಾಶಾಲೆಯತ್ತ. ಅಲ್ಲಿ ಕಲಿತ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆ ತೆರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದರು.

ಈ ಶಾಲೆಗಳಲ್ಲಿ ಕಲಿತವರಿಗೆ ಕಲೆಯ ಮಾರುಕಟ್ಟೆ ಇರಲಿಲ್ಲ, ನೌಕರಿ ಇತ್ತು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಮುಗಿಸಿ ಅನೇಕರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಾದರು. ಮಡಕೆ, ತಂಬಿಗೆ ಇಟ್ಟು ವಸ್ತುಚಿತ್ರ ಕಲಿಸುವುದು, ಸ್ನೇಹ ಸಮ್ಮೇಳನಕ್ಕೆ ಪರದೆ ಬರೆಯುವುದು, ಗೋಡೆಯ ಮೇಲೆ ಗಾಂಧಿ, ಬಸವಣ್ಣನವರನ್ನು ಮೂಡಿಸುವುದು ಅವರ ಪಾಲಿಗೆ ಬಂತು. ಸ್ವಂತ ಚಿತ್ರಕ್ಕೆ ಉಳಿದದ್ದು ರಾತ್ರಿ ಮತ್ತು ರಜೆ.

ಏಕೀಕರಣದ ನಂತರ ದಿಕ್ಕು ಬದಲಾಯಿತು. ಚಿತ್ರಕಲಾ ಪರಿಷತ್ತು, 1964ರ ಲಲಿತಕಲಾ ಅಕಾಡೆಮಿ, ವೆಂಕಟಪ್ಪ ಕಲಾ ಗ್ಯಾಲರಿ, ಎಲ್ಲವೂ ಬೆಂಗಳೂರಿನಲ್ಲೇ ಬೆಳೆದವು. ಬಾದಾಮಿಯ ಆರ್.ಎಂ. ಹಡಪದ (1936–2003) ಅಲ್ಲಿಗೇ ಹೋಗಿ ಕೆನ್ ಕಲಾಶಾಲೆ ಕಟ್ಟಿ, ಹಳ್ಳಿಗಳಿಂದ ಬಂದ ಬಡ ಹುಡುಗರಿಗೆ ಆಸರೆಯಾದರು. ಆದರೆ ಶಿಗ್ಗಾವಿಯಿಂದ ರಾಜಧಾನಿಗೆ 350 ಕಿ.ಮೀ.ಗೂ ಹೆಚ್ಚು ದಾರಿ. ಚೌಕಟ್ಟು ಹಾಕಿಸಿದ ಕ್ಯಾನ್ವಾಸುಗಳ ಸಾಗಣೆ, ಗ್ಯಾಲರಿ ಬಾಡಿಗೆ, ವಾರದ ವಸತಿ, ಇಷ್ಟಕ್ಕೆ ಹಣ ಹೊಂದಿಸುವುದೇ ಒಂದು ಸಾಹಸ.

ರಾಜಧಾನಿಯ ಕಲಾವಿದರೂ ನೆಮ್ಮದಿಯಿಂದಿರಲಿಲ್ಲ. 2015ರಲ್ಲಿ ಸರ್ಕಾರ ವೆಂಕಟಪ್ಪ ಗ್ಯಾಲರಿಯ ವಿಷಯದಲ್ಲಿ ಖಾಸಗಿ ಪ್ರತಿಷ್ಠಾನವೊಂದರ ಜೊತೆ ಒಪ್ಪಂದ ಮಾಡಿಕೊಂಡಾಗ ಅವರು ಒಗ್ಗೂಡಿ ಪ್ರತಿಭಟಿಸಿದರು. ಕಡಿಮೆ ಬಾಡಿಗೆಗೆ ಯಾರಿಗೂ ಸಿಗುವ ಸಾರ್ವಜನಿಕ ಜಾಗ ಕೈತಪ್ಪುತ್ತದೆ ಎಂಬುದು ಅವರ ಆತಂಕ. ಆ ಒಪ್ಪಂದ ಜಾರಿಯಾಗಲಿಲ್ಲ.

ಶಿಗ್ಗಾವಿ ತಾಲ್ಲೂಕಿನ ಪ್ರೊ. ಟಿ.ಬಿ. ಸೊಲಬಕ್ಕನವರ ಹಿಡಿದದ್ದು ಬೇರೆ ದಾರಿ. ಚಿತ್ರ, ಶಿಲ್ಪ, ದೊಡ್ಡಾಟ ಮೂರರಲ್ಲೂ ಪಳಗಿದ್ದ ಅವರು, ದಾಸನೂರ ಉದ್ಯಮ ಸಮೂಹದ ನೆರವಿನಿಂದ ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ, ಗೊಟಗೋಡಿಯಲ್ಲಿ, ಉತ್ಸವ ರಾಕ್ ಗಾರ್ಡನ್ ಕಟ್ಟಿದರು. ಅಲ್ಲಿ ಆಳೆತ್ತರದ ಸಿಮೆಂಟಿನ ಮಂದಿ ಕೂಡು ಕುಟುಂಬದ ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ತಂತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಕುಂಬಾರ, ಕಮ್ಮಾರ, ಕುರಿಗಾಹಿ, ಎತ್ತು ಹೊಡೆಯುವ ರೈತ ಎಲ್ಲರಿಗೂ ಮೈಬಣ್ಣ, ಉಡುಗೆಯ ಬಣ್ಣ ಬಳಿಯಲಾಗಿದೆ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳೂ ಸಾಲಾಗಿ ನಿಂತಿವೆ. ಚಂಡೀಗಡದ ರಾಕ್ ಗಾರ್ಡನ್‌ನಲ್ಲಿ ನೇಕ್‌ಚಂದ್ ಒಡೆದ ಬಳೆ, ಪಿಂಗಾಣಿಗಳಿಂದ ಕಲ್ಪನಾಲೋಕ ಕಟ್ಟಿದ್ದರು. ಇಲ್ಲಿರುವುದು ನೋಡುಗರು ಹೆಸರಿಟ್ಟು ಗುರುತಿಸಬಲ್ಲ ಊರು.

ಟಿಕೆಟ್ ಕೊಂಡು ಒಳಬರುವ ಶಾಲಾ ಮಕ್ಕಳು, ರೈತ ಕುಟುಂಬಗಳು, ಪ್ರವಾಸಿಗರೇ ಈ ಕಲೆಯ ಪೋಷಕರು. ಗ್ಯಾಲರಿಯ ಮೆಟ್ಟಿಲು ಹತ್ತದ ಅಜ್ಜಿಯೊಬ್ಬಳು ಇಲ್ಲಿನ ಒರಳು, ಬೀಸುಕಲ್ಲುಗಳ ಬಗ್ಗೆ ಮೊಮ್ಮಕ್ಕಳಿಗೆ ಹೇಳಬಲ್ಲಳು. ಕಲಾವಿದ ಮತ್ತು ನೋಡುಗರ ನಡುವಿನ ಅಂತರವನ್ನು ಈ ತೋಟ ಇಷ್ಟರಮಟ್ಟಿಗೆ ಕಡಿಮೆ ಮಾಡಿದೆ.

ಆದರೂ ಕಲಾಲೋಕದ ಜೊತೆಗಿನ ತೊಡಕು ಪೂರ್ತಿ ಬಗೆಹರಿದಿಲ್ಲ. ನಮ್ಮಲ್ಲಿ ಲಲಿತಕಲೆ, ಶಿಲ್ಪಕಲೆ, ಜಾನಪದ, ಬಯಲಾಟ, ಒಂದೊಂದಕ್ಕೂ ಒಂದೊಂದು ಅಕಾಡೆಮಿ. ಸೊಲಬಕ್ಕನವರ ಕೆಲಸ ಈ ನಾಲ್ಕೂ ಬೇಲಿಗಳನ್ನು ದಾಟಿದ್ದು. ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದ ಅವರು 2020ರಲ್ಲಿ ತೀರಿಕೊಂಡರು. ಜಾನಪದ ವಿಶ್ವವಿದ್ಯಾಲಯ ಇರುವುದೂ ಗೊಟಗೋಡಿಯಲ್ಲೇ. ಕಬ್ಬಿಣದ ಸರಳು, ಜಾಲರಿ, ಸಿಮೆಂಟಿನಲ್ಲಿ ಆಕೃತಿ ಎತ್ತುವ ಈ ಕಸುಬನ್ನು, ಅದರಲ್ಲಿ ದುಡಿದವರ ಹೆಸರುಗಳನ್ನು, ಡ್ರಾಯಿಂಗ್ ಮಾಸ್ತರರ ಮನೆಗಳಲ್ಲಿ ಉಳಿದಿರುವ ಚಿತ್ರಗಳನ್ನು ದಾಖಲಿಸುವ ಕೆಲಸಕ್ಕೆ ವಿಶ್ವವಿದ್ಯಾಲಯವೂ ಲಲಿತಕಲಾ ಅಕಾಡೆಮಿಯೂ ಜೊತೆಗೂಡಬೇಕು. ಕರ್ನಾಟಕದ ಆಧುನಿಕ ಕಲೆಯ ಚರಿತ್ರೆಯಲ್ಲಿ ಹಾವೇರಿ ಸೀಮೆಯ ಅಧ್ಯಾಯವನ್ನು ಬರೆಯಲು ಬೇಕಾದ ಸಾಮಗ್ರಿ ಅದೇ.