ಮೋಗ್ಲಿ ಕನ್ನಡ ಯಾಕ ಕಲೀಲಿಲ್ಲ?

1993ರಲ್ಲಿ ದೂರದರ್ಶನದಲ್ಲಿ ಬಂದ ‘ದಿ ಜಂಗಲ್ ಬುಕ್’ ನನ್ನ ವಾರಿಗೆಯವರು ಮರೆತಿರೋಕೆ ಸಾಧ್ಯಾನೇ ಇಲ್ಲ. ಕಥೆ ಕಿಪ್ಲಿಂಗ್‌ದು, ಕಾಡು ಮಧ್ಯಪ್ರದೇಶದ್ದು, ಹಾಡು ಗುಲ್ಜಾರ್‌ದು, ಶೇರ್ ಖಾನನ ದನಿ ನಾನಾ ಪಾಟೇಕರ್‌ದು. ಆದರೆ ಕಾರ್ಟೂನ್ ಮಾಡಿದವರು ಜಪಾನಿನ ನಿಪ್ಪಾನ್ ಅನಿಮೇಶನ್‌ನವರು. 1989ರಲ್ಲಿ ಅಲ್ಲಿನ ಟೀವಿಯಲ್ಲಿ ಶುರುವಾಗಿ 52 ಕಂತು ನಡೆದ ಧಾರಾವಾಹಿ ಅದು. ಇದನ್ನ ಆಗ ನಮ್ಮ ಹತ್ತಿಮತ್ತೂರಿನಲ್ಲಿ ಹೇಳಿದ್ದರೆ ಯಾರೂ ನಂಬ್ತಿರಲಿಲ್ಲ ಬಿಡ್ರಿ. ಮೋಗ್ಲಿ ಹಿಂದಿ ಮಾತಾಡ್ತಿದ್ದನಲ್ಲ!

ನಮ್ಮದು ಸವಣೂರು ನವಾಬರ ಸೀಮೆ. ಉರ್ದು ಕಿವಿಗೆ ಬಿದ್ದೇ ಬೆಳೆದವರು, ಹಂಗಾಗಿ ಅರ್ಧಂಬರ್ಧ ತಿಳೀತಿತ್ತು. ಉಳಿದದ್ದಕ್ಕೆ ಉರ್ದು ಮನೆಮಾತಿನ ಗೆಳೆಯನೊಬ್ಬನಿದ್ದ. “ಏ, ಕರಡಿ ಏನ್ ಅನ್ನಾಕತ್ತೈತೋ?” ಅಂದ್ರೆ ಜಾಹೀರಾತು ಬಂದಾಗ ಹೇಳ್ತಿದ್ದ. ಅವನೇ ನಮ್ಮ ಡಬ್ಬಿಂಗ್ ಕಲಾವಿದ.

ದೂರದರ್ಶನ ಆಗ ತಮಿಳರಿಗೂ ಹಿಂದಿಯನ್ನೇ ಉಣಿಸ್ತಿತ್ತು, ನಿಜ. ಆದರೆ ಕೇಬಲ್ ಬಂದ ಮೇಲೆ ತಮಿಳು, ತೆಲುಗು ಮಕ್ಕಳಿಗೆ ಕಾರ್ಟೂನು ತಮ್ಮ ಭಾಷೆಯಲ್ಲೇ ಸಿಕ್ಕವು. ನಮ್ಮ ಮಕ್ಕಳು 2009ರಲ್ಲಿ ಚಿಂಟು ಟೀವಿ ಬರೋವರೆಗೂ ಕಾದರು. ಕಾರಣಕ್ಕೆ 1960ರ ದಶಕಕ್ಕೆ ಹೋಗಬೇಕು. ಮದ್ರಾಸಿನಲ್ಲಿ ಕನ್ನಡ ಸಿನಿಮಾ ತೆವಳ್ತಿದ್ದ ಕಾಲ ಅದು. ಡಬ್ಬಿಂಗ್ ಚಿತ್ರಗಳು ಅದನ್ನ ನುಂಗಿಬಿಡ್ತಾವೆ ಅಂತ ಅ.ನ.ಕೃ., ಮ. ರಾಮಮೂರ್ತಿ, ರಾಜ್‌ಕುಮಾರ್ ಬೀದಿಗಿಳಿದರು. ಆ ಹೊತ್ತಿಗೆ ಅದು ಸರಿಯಾದ ಹೋರಾಟವೇ. ತಕರಾರಿರೋದು ಚಿತ್ರರಂಗ ಬೆಳೆದು ನಿಂತ ಮೇಲೂ, ಯಾವ ಕಾನೂನೂ ಇಲ್ಲದೆ, ಅರ್ಧ ಶತಮಾನ ಬಾಗಿಲು ಹಾಕಿಕೊಂಡು ಕೂತದ್ದಕ್ಕೆ.

ಜಪಾನಿನಲ್ಲಿ ಆದದ್ದು ಇದರ ಉಲ್ಟಾ. 1956ರಲ್ಲಿ ಅಲ್ಲಿನ ದೊಡ್ಡ ಸಿನಿಮಾ ಕಂಪನಿಗಳು ತಮ್ಮ ಚಿತ್ರಗಳನ್ನ ಟೀವಿಗೆ ಕೊಡೋದಿಲ್ಲ ಅಂತ ಪಟ್ಟು ಹಿಡಿದವು. ಟೀವಿಯವರು ಏನು ಮಾಡ್ಬೇಕು? ಅಮೆರಿಕದ ಧಾರಾವಾಹಿ ತಂದು ಡಬ್ ಮಾಡಿದರು. ದನಿ ಕೊಡೋಕೆ ರೇಡಿಯೋ ನಾಟಕದವರು, ರಂಗಭೂಮಿಯವರು ಬಂದರು. 1963ರ ಜನವರಿ 1ರಂದು ಒಸಾಮು ತೆಜುಕಾರ ‘ಆಸ್ಟ್ರೋ ಬಾಯ್’ ಟೀವಿಗೆ ಬರುವಷ್ಟರಲ್ಲಿ ದನಿಯ ಕಸುಬು ಕಲಿತವರು ಅಲ್ಲಿ ತಯಾರಿದ್ದರು. ಅವರನ್ನ ‘ಸೇಯ್ಯೂ’ ಅಂತಾರೆ. ಇವತ್ತು ಅವರಿಗೆ ಸಿನಿಮಾ ತಾರೆಯರ ಹಂಗೆ ಅಭಿಮಾನಿಗಳು, ಅವರಿಗಂತಲೇ ಪತ್ರಿಕೆ, ಆ ಕಸುಬು ಕಲಿಸೋ ಶಾಲೆಗಳು.

ಕಲಾವಿದರ ಹೊಟ್ಟೆ ಮೇಲೆ ಹೊಡೀತದೆ ಅಂತ ನಾವು ಹೊರಗಿಟ್ಟ ಕೆಲಸ ಅಲ್ಲಿ ಕಲಾವಿದರಿಗೆ ಅನ್ನ ಹಾಕ್ತು. ನಮ್ಮ ಕಡೆ ಕಂಪನಿ ನಾಟಕದವರು, ದೊಡ್ಡಾಟದವರು ಇದ್ದರು. ಮೈಕಿಲ್ಲದೆ ಕಡೇ ಸಾಲಿಗೆ ಮುಟ್ಟೋ ದನಿ. ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕ್ತಿದ್ದ ಆ ವರ್ಷಗಳಲ್ಲಿ ಯಾರಾದರೂ ಅವರನ್ನ ಕರೆದು ಕೂರಿಸಿದ್ದರೆ, ನಾನಾ ಪಾಟೇಕರ್‌ಗೆ ಸಡ್ಡು ಹೊಡೆಯೋ ಶೇರ್ ಖಾನ್ ಧಾರವಾಡ ಕನ್ನಡದಾಗೇ ಗರ್ಜಿಸ್ತಿದ್ದ.

2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಹೇಳಿ ದಂಡ ಹಾಕಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. ಬಾಗಿಲೇನೋ ತೆರೀತು. ಆದರೆ 2025ರ ಸೆಪ್ಟೆಂಬರ್ 12ಕ್ಕೆ ಜಪಾನಿನ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತಕ್ಕೆ ಬಂದಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು. ಈ ಸಲ ತಡೆಯೋರು ಯಾರೂ ಇರಲಿಲ್ಲ, ಆದರೂ ಹಂಚಿಕೆದಾರರ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮಕ್ಕನ ಮಗ ಹಾವೇರಿಯಾಗ ಕೂತು ಅದರ ಡೈಲಾಗು ಒಪ್ಪಿಸ್ತಾನೆ, ಹಿಂದಿಯಲ್ಲಿ.