ಗೈಡ್‌ವೈರ್

ಹೃದಯದ ಮುಚ್ಚಿದ ಪರಿಧಮನಿಯಲ್ಲಿ ಬ್ಲಾಕ್ ದಾಟಿ, ಬಲೂನು ಮತ್ತು ನಾಳವನ್ನು ತೆರೆದಿಡುವ ಸ್ಟೆಂಟ್ ಸಾಗಲು ಹಳಿಯಾಗುವ ಲೋಹದ ಸಣ್ಣ ತಂತಿ. ದಪ್ಪ ಸುಮಾರು 0.36 ಮಿ.ಮೀ., ಉದ್ದ ಸಾಮಾನ್ಯವಾಗಿ 180–190 ಸೆಂ.ಮೀ. ಮಣಿಕಟ್ಟು ಅಥವಾ ತೊಡೆಸಂದಿನ ರಕ್ತನಾಳದಿಂದ ಇದನ್ನು ಒಳಬಿಡುತ್ತಾರೆ. ವೈದ್ಯರು ಎಕ್ಸ್‌ರೇ ಪರದೆ ನೋಡುತ್ತ ಹೊರಗಿನ ತುದಿಯನ್ನು ಬೆರಳಲ್ಲಿ ಹೊಸೆದಂತೆ ಒಳಗಿನ ಬಾಗಿದ ತುದಿ ತಿರುಗುತ್ತದೆ.

ಇತಿಹಾಸ: ಸೂಜಿಯೊಳಗಿಂದ ತಂತಿ ತೂರಿಸಿ, ಅದರ ಮೇಲೆ ಕ್ಯಾಥೆಟರ್ ಕೊಳವೆ ಸಾಗಿಸುವ ವಿಧಾನವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಪರಿಧಮನಿ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ಬ್ಲಾಕ್ ಅಗಲಿಸುವ ಚಿಕಿತ್ಸೆ) ನಡೆಸಿದಾಗ ಬಲೂನಿನ ಮೂತಿಗೆ ಗಿಡ್ಡ ತಂತಿ ಅಂಟಿಕೊಂಡೇ ಇತ್ತು. ಕವಲು ಬಂದಲ್ಲಿ ಅದನ್ನು ಪ್ರತ್ಯೇಕವಾಗಿ ತಿರುಗಿಸುವಂತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಜಾನ್ ಸಿಂಪ್ಸನ್ ತಂತಿಯನ್ನು ಬಲೂನಿನಿಂದ ಬಿಡಿಸಿದರು. ಬ್ಲಾಕಿಗೆ ತಕ್ಕ ತಂತಿ ಆರಿಸುವ ಪ್ರಶ್ನೆ ಹುಟ್ಟಿದ್ದು ಆಗಲೇ.

ಆಯ್ಕೆ: ತಂತಿಯ ತುದಿಯನ್ನು ಬಾಗಿಸಲು ಬೇಕಾದ ಬಲವನ್ನು ಗ್ರಾಂಗಳಲ್ಲಿ ಹೇಳುತ್ತಾರೆ. ಸಾಮಾನ್ಯ ಬ್ಲಾಕಿಗೆ 1 ಗ್ರಾಂ ಆಸುಪಾಸಿನ ಮೆದು ತುದಿ ಸಾಕು. ಮೂರು ತಿಂಗಳು ದಾಟಿದ ಪೂರ್ಣ ಬ್ಲಾಕಿನ ಬಾಯಿ ಗಟ್ಟಿಯಾಗಿ, ಎಷ್ಟೋ ವೇಳೆ ಸುಣ್ಣಗಟ್ಟಿರುತ್ತದೆ. ಇದಕ್ಕಾಗಿ ಜಪಾನಿನ ಅಸಾಹಿ ಇಂಟೆಕ್ ಕಂಪನಿ 3ರಿಂದ 12 ಗ್ರಾಂವರೆಗಿನ ಮಿರಾಕಲ್ ತಂತಿಗಳನ್ನೂ ಚೂಪುತುದಿಯ ಕಾಂಕ್ವೆಸ್ಟ್ ತಂತಿಗಳನ್ನೂ ತಂದಿತು. ಪಾಲಿಮರ್ ಲೇಪದ ತಂತಿ ಸಣ್ಣ ಸಂದಿಯಲ್ಲೂ ಜಾರಿ ನುಸುಳುತ್ತದೆ. ಆದರೆ ತಡೆ ಬೆರಳಿಗೆ ತಿಳಿಯದ ಕಾರಣ ನಾಳದ ಗೋಡೆಯೊಳಗೆ ಸರಿಯಬಹುದು, ನಾಳ ತೂತಾಗಿ ಹೃದಯದ ಸುತ್ತ ರಕ್ತ ತುಂಬಬಹುದು. ಹೀಗಾಗಿ ಮೆದು ತಂತಿಯಿಂದ ಶುರುಮಾಡಿ, ಗಟ್ಟಿ ಭಾಗ ಚುಚ್ಚಲಷ್ಟೇ ಬಿರುಸಾದದ್ದನ್ನು ಬಳಸಿ, ದಾಟಿದ ಮೇಲೆ ಮತ್ತೆ ಮೆದುವಿಗೆ ಮರಳುವುದು ರೂಢಿ. ಮುಂದಿನಿಂದ ದಾರಿ ಸಿಗದಿದ್ದರೆ ಪಕ್ಕದ ಉಪನಾಳಗಳ ಮೂಲಕ ಹಿಂದಿನಿಂದ ತಂತಿ ತರುವ ವಿಧಾನವನ್ನು 2000ರ ದಶಕದಲ್ಲಿ ಒಸಾಮು ಕಾಟೊ ಮೊದಲಾದ ಜಪಾನಿ ವೈದ್ಯರು ಬೆಳೆಸಿದರು.

ಕರ್ನಾಟಕದಲ್ಲಿ: ಸರ್ಕಾರಿ ವಲಯದಲ್ಲಿ ಆಂಜಿಯೋಪ್ಲಾಸ್ಟಿಯ ಮುಖ್ಯ ಕೇಂದ್ರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ. ಮೈಸೂರು, ಕಲಬುರಗಿಗಳಲ್ಲೂ ಅದರ ಆಸ್ಪತ್ರೆಗಳಿವೆ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನವರು ಆಂಜಿಯೋಪ್ಲಾಸ್ಟಿಗೆ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕು. ಹೊಸದಾಗಿ ಹೃದಯಾಘಾತವಾದಾಗ ಅಡ್ಡ ನಿಂತಿರುವುದು ಹೆಚ್ಚಾಗಿ ಹಸಿ ಹೆಪ್ಪು. ಮೆದು ತಂತಿಯೇ ಅದನ್ನು ದಾಟುತ್ತದೆ, ಕೈಮೀರುವುದು ಹೊತ್ತು. ದೊಡ್ಡ ಆಸ್ಪತ್ರೆ ತಲುಪುವವರೆಗಿನ ಈ ಅಂತರ ತುಂಬಲು ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ಇದರಡಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು ರೋಗಿಯನ್ನು ದೊಡ್ಡ ಕೇಂದ್ರಕ್ಕೆ ಕಳುಹಿಸಲಾಗುತ್ತದೆ.