ಮಾಳಗಿ ಮ್ಯಾಲಿನ ಡಿಶ್: ಒಂದು ಸಣ್ಣ ಇತಿಹಾಸ

ವಿಜಯಪುರದಿಂದ ಟಿಕೋಟಾ ಕಡೆಗೋ ಬಬಲೇಶ್ವರ ಕಡೆಗೋ ಹೊರಟರೆ ದ್ರಾಕ್ಷಿ ತೋಟಗಳು, ನಡುನಡುವೆ ಒಂಟಿ ಒಂಟಿ ವಸ್ತಿ ಮನೆಗಳು. ತಗಡಿನ ಮನೆಯಿರಲಿ, ಮಣ್ಣಿನ ಮಾಳಿಗೆಯಿರಲಿ, ಮೇಲೊಂದು ಡಿಶ್ ಕಾಣುತ್ತದೆ. ಕೇಬಲ್‌ನವನು ಅಷ್ಟು ದೂರ ತಂತಿ ಎಳೆಯುವುದಿಲ್ಲ, ಹಾಗಾಗಿ ಆಕಾಶವೇ ಗತಿ. ಆ ಮನೆಯ ಯಜಮಾನ ಯಾವ ಕಂಪನಿಯ ಡಿಶ್ ಬೇಕಾದರೂ ಹಾಕಿಸಬಹುದು, ಬೇಡವಾದರೆ ಕಿತ್ತು ಇನ್ನೊಂದು ಹಾಕಿಸಬಹುದು. ಯಾರನ್ನೂ ಕೇಳಬೇಕಿಲ್ಲ. ಅದೇ ಮನೆಯ ಮಗ ಪುಣೆಯಲ್ಲೋ ಬೆಂಗಳೂರಲ್ಲೋ ಲಕ್ಷಗಟ್ಟಲೆ ಸಾಲ ಮಾಡಿ ಫ್ಲ್ಯಾಟ್ ಕೊಂಡರೆ? ಅಲ್ಲಿ ಕಮಿಟಿಯನ್ನು ಕೇಳಬೇಕು. ಎಷ್ಟೋ ಕಡೆ ಕೇಳಿದರೂ ಉತ್ತರ ಒಂದೇ, "ಡಿಶ್ ಹಾಕುವಂತಿಲ್ಲ, ನಾವು ಗೊತ್ತು ಮಾಡಿದ ಕೇಬಲ್ಲೇ ತಗೊಳ್ಳಿ."

ಬಡ ಮಾಳಿಗೆಗೆ ಇರೋ ಸ್ವಾತಂತ್ರ್ಯ ಹತ್ತನೇ ಮಹಡಿಗೆ ಯಾಕಿಲ್ಲ? ಇದನ್ನು ಯೋಚಿಸುತ್ತ ಹಿಂದೆ ಹಿಂದೆ ಹೋದರೆ ನಮ್ಮ ಜಿಲ್ಲೆಗೇ ಬಂದು ನಿಲ್ಲಬೇಕಾಗುತ್ತದೆ. ಬನ್ನಿ, ಅಲ್ಲಿಂದಲೇ ಶುರು ಮಾಡೋಣ.

ದೆಹಲಿಯಲ್ಲಿ ಟಿವಿ ಶುರುವಾಗಿದ್ದು 1959ರ ಸೆಪ್ಟೆಂಬರ್ 15ರಂದು. ಬೆಂಗಳೂರು ದೂರದರ್ಶನ ಬಂದಿದ್ದು 1981ರಲ್ಲಿ. ಆದರೆ ಅದಕ್ಕೂ ಮೊದಲೇ ವಿಜಾಪುರ ಜಿಲ್ಲೆಯ ಹಳ್ಳಿಗಳು ಟಿವಿ ನೋಡಿದ್ದವು! ಅದೂ ನೇರವಾಗಿ ಉಪಗ್ರಹದಿಂದ. ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ನಡೆಸಿದ 'ಸೈಟ್' ಪ್ರಯೋಗ ಅದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕರ್ನಾಟಕದಿಂದ ಆರಿಸಿದ್ದು ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳನ್ನು. ಆಫ್ರಿಕದ ಮೇಲೆ ನಿಂತ ಎಟಿಎಸ್-6 ಉಪಗ್ರಹದಿಂದ ಬರುವ ಸಂಕೇತವನ್ನು ಹಿಡಿಯಲು ಹತ್ತು ಅಡಿ ಅಗಲದ, ಕೋಳಿಗೂಡಿಗೆ ಹಾಕುವಂಥ ಜಾಲರಿಯ ಡಿಶ್. ಒಂದೇ ಚಿತ್ರದ ಜತೆ ಎರಡು ಭಾಷೆಯ ಧ್ವನಿ ಕಳಿಸುವ ಏರ್ಪಾಡು ಕೂಡ ಇತ್ತು.

ಆ ಪೆಟ್ಟಿಗೆ ಯಾರ ಮನೆಯದ್ದೂ ಅಲ್ಲ, ಇಡೀ ಊರಿನದು. ನೋಡಿಕೊಳ್ಳಲು ಒಬ್ಬ ಉಸ್ತುವಾರಿ. ಏನು ತೋರಿಸಬೇಕು ಅನ್ನೋದು ಸರಕಾರದ ಕೈಯಲ್ಲಿ: ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಒಕ್ಕಲುತನ, ಆರೋಗ್ಯ, ಒಂದಿಷ್ಟು ಹಾಡು-ಕುಣಿತ. ಆಯ್ಕೆ ಇರಲಿಲ್ಲ, ಆದರೆ ಯಾರಿಗೂ ಅದರ ಬಗ್ಗೆ ತಕರಾರೂ ಇರಲಿಲ್ಲ. ವರ್ಷ ಮುಗಿದ ಮೇಲೆ ಅಮೆರಿಕದವರು ಉಪಗ್ರಹವನ್ನು ವಾಪಸು ಒಯ್ದರು, ಪರದೆ ಕಪ್ಪಾಯಿತು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು.

ಆಮೇಲಿನ ಕಾಲ ನಿಮಗೂ ಗೊತ್ತು. 1982ರಲ್ಲಿ ಬಣ್ಣ ಬಂತು. 1987ರ ಜನವರಿಯಲ್ಲಿ ರಾಮಾಯಣ, 1988ರ ಅಕ್ಟೋಬರಿನಲ್ಲಿ ಮಹಾಭಾರತ. ಮಾಳಿಗೆಯ ಮೇಲೆ ಮೀನಿನ ಎಲುಬಿನಂಥ ಆಂಟೆನಾ. ಗಾಳಿಗೆ ಅದು ತಿರುಗಿದರೆ ಒಬ್ಬ ಮೇಲೆ ಹತ್ತಿ "ಬಂತೇನೋ?" ಅನ್ನೋದು, ಕೆಳಗಿನಿಂದ "ಇನ್ನೂ ಇಲ್ಲ, ಸ್ವಲ್ಪ ಎಡಕ್ಕ ತಿರುಗ್ಸು" ಅನ್ನೋದು... ನೋಡಿ, ಆಗಲೂ ಮಾಳಿಗೆ ನಮ್ಮದೇ ಆಗಿತ್ತು, ಚಾನೆಲ್ಲು ಮಾತ್ರ ಸರಕಾರದ್ದು.

1991ರ ಕೊಲ್ಲಿ ಯುದ್ಧ ಇದನ್ನು ಬದಲಿಸಿತು. ಸಿಎನ್‌ಎನ್ ಯುದ್ಧವನ್ನು ನೇರ ತೋರಿಸಿತು. ಅದೇ ವರ್ಷ ಸ್ಟಾರ್, 1992ರಲ್ಲಿ ಝೀ, 1994ರಲ್ಲಿ ಉದಯ ಟಿವಿ. ದೊಡ್ಡ ಡಿಶ್ ಇಟ್ಟು ಓಣಿಗೆಲ್ಲ ತಂತಿ ಎಳೆದವನೇ ಕೇಬಲ್‌ನವನು. ತಂತಿ ಕಂಬದಿಂದ ಕಂಬಕ್ಕೆ, ಮಾಳಿಗೆಯಿಂದ ಮಾಳಿಗೆಗೆ ಹೋಯಿತು. ಸರಕಾರ ಎಚ್ಚೆತ್ತು 1995ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ತಂದಿತು. ಆಪರೇಟರು ಆಗ ಹೆಡ್ ಪೋಸ್ಟ್ ಆಫೀಸಿನಲ್ಲಿ ಹೆಸರು ನೋಂದಾಯಿಸಬೇಕಿತ್ತು, ದೂರದರ್ಶನದ ಚಾನೆಲ್‌ಗಳನ್ನು ಕಡ್ಡಾಯ ತೋರಿಸಬೇಕಿತ್ತು. ಆದರೆ ಒಂದು ಓಣಿಗೆ ಒಬ್ಬನೇ ಕೇಬಲ್‌ನವನು ಇದ್ದರೆ ಮನೆಯವರು ಏನು ಮಾಡಬೇಕು? ಅವನು ಕನ್ನಡ ಚಾನೆಲ್ ಹಾಕದಿದ್ದರೆ? ಸರಕಾರದ ಕೈಯಿಂದ ಜಾರಿದ ಬೀಗದ ಕೈ ನೋಡುಗನಿಗೆ ಸಿಗಲಿಲ್ಲ, ತಂತಿಯವನಿಗೆ ಸಿಕ್ಕಿತು.

1995ರಲ್ಲೇ ಇನ್ನೊಂದು ದೊಡ್ಡ ಸಂಗತಿ ಆಯಿತು. ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಫೆಬ್ರವರಿಯಲ್ಲಿ ತೀರ್ಪು ಬಂತು: ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ, ಮಾಹಿತಿ ಪಡೆಯುವುದು ಕೂಡ ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದ ಭಾಗ. ಅಂದರೆ ಮಾತಾಡುವವನಿಗಷ್ಟೇ ಅಲ್ಲ, ಕೇಳುವವನಿಗೂ ಹಕ್ಕಿದೆ. ಆದರೆ ಈ ಹಕ್ಕು ಸರಕಾರದ ಎದುರಿಗಿನದು. ಎದುರಿಗೆ ಇರೋದು ಅಪಾರ್ಟ್‌ಮೆಂಟ್ ಕಮಿಟಿಯಾದರೆ ನೇರವಾಗಿ ಇದನ್ನೇ ಹಿಡಿದು ಹೋಗುವುದು ಸುಲಭವಲ್ಲ.

ಮನೆ ಮನೆಗೆ ಸಣ್ಣ ಡಿಶ್ ಬರೋದು 1997ರಲ್ಲೇ ಆಗಬೇಕಿತ್ತು. ಸರಕಾರ ಆಗ ಡಿಟಿಎಚ್ ನಿಷೇಧಿಸಿತು. 2000ದ ಕೊನೆಗೆ ನಿಷೇಧ ಹೋಯಿತು, 2001ರ ಮಾರ್ಚಿನಲ್ಲಿ ಮಾರ್ಗಸೂಚಿ ಬಂತು. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಡಿ ಡೈರೆಕ್ಟ್ (ಈಗಿನ ಡಿಡಿ ಫ್ರೀ ಡಿಶ್), 2006ರಲ್ಲಿ ಟಾಟಾ ಸ್ಕೈ (ಈಗಿನ ಟಾಟಾ ಪ್ಲೇ), 2007ರಲ್ಲಿ ಸನ್ ಡೈರೆಕ್ಟ್. ಎರಡಡಿ ಅಗಲದ ತಟ್ಟೆ. ಟಿಕೋಟಾದ ವಸ್ತಿ ಮನೆಗೆ ಇದು ನಿಜಕ್ಕೂ ಬಿಡುಗಡೆಯೇ. 2011ರ ತಿದ್ದುಪಡಿಯಿಂದ ಕೇಬಲ್ ಕೂಡ ಹಂತಹಂತವಾಗಿ ಡಿಜಿಟಲ್ ಆಗಿ 2017ರ ಮಾರ್ಚಿಗೆ ಹಳ್ಳಿಗಳವರೆಗೂ ಮುಗಿಯಿತು. 2019ರ ಫೆಬ್ರವರಿಯಿಂದ ಟ್ರಾಯ್‌ನ ಹೊಸ ಪದ್ಧತಿ: ಬೇಕಾದ ಚಾನೆಲ್ ಮಾತ್ರ ಆರಿಸಿ, ಅದಕ್ಕಷ್ಟೇ ದುಡ್ಡು ಕೊಡಿ. ಕಾಗದದ ಮೇಲೆ ನೋಡುಗನೇ ರಾಜ!

ಈಗ ಬೀಗದ ಕೈ ಮೂರನೆಯವರ ಹತ್ತಿರ ಬಂತು. ಅದೇ ಅಪಾರ್ಟ್‌ಮೆಂಟ್ ಸಂಘ.

ಪುಣೆಯಲ್ಲಿ ಫ್ಲ್ಯಾಟ್ ತಗೊಂಡ ನನ್ನ ಅಣ್ಣನ ಮಗ ಒಮ್ಮೆ ಫೋನ್ ಮಾಡಿದ್ದ. "ಕಾಕಾ, ಅವ್ವಗ ಕನ್ನಡ ಧಾರಾವಾಹಿ ಬೇಕ್ರೀ. ಇಲ್ಲಿ ಕೇಬಲ್‌ದಾಗ ಬರೂದಿಲ್ಲ. ಡಿಶ್ ಹಚ್ಚಬೇಕಂದ್ರ ಸೊಸೈಟಿಯವ್ರು ಬಿಡವಲ್ರು." ನಾನು ಕೇಳಿದೆ, "ಬಾಲ್ಕನ್ಯಾಗ ಹಚ್ಚಪಾ?" ಅವನು ನಕ್ಕ. "ನಮ್ಮ ಬಾಲ್ಕನಿ ಉತ್ತರಕ್ಕೈತ್ರಿ!"

ಇದು ನಗುವ ವಿಷಯವಲ್ಲ, ಭೂಗೋಳದ ವಿಷಯ. ಡಿಟಿಎಚ್ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, 83 ಡಿಗ್ರಿ, 93.5 ಡಿಗ್ರಿ, 95 ಡಿಗ್ರಿ ಪೂರ್ವ ರೇಖಾಂಶಗಳಲ್ಲಿ ನಿಂತಿವೆ. ನಮ್ಮ ವಿಜಯಪುರ 75.7 ಡಿಗ್ರಿಯ ಆಸುಪಾಸಿನಲ್ಲಿದೆ. ಹಾಗಾಗಿ ಇಲ್ಲಿಂದಲೂ ಪುಣೆಯಿಂದಲೂ ಡಿಶ್ ನೋಡಬೇಕಾದ್ದು ಆಗ್ನೇಯಕ್ಕೆ. ವಾಸ್ತು ನೋಡಿ ಉತ್ತರದ ಬಾಲ್ಕನಿ ಆರಿಸಿದವನಿಗೆ ಉಪಗ್ರಹ ಕಾಣುವುದೇ ಇಲ್ಲ. ಅವನಿಗೆ ಉಳಿದ ಜಾಗ ಟೆರೇಸ್ ಒಂದೇ. ಟೆರೇಸ್ ಅಂದರೆ ಎಲ್ಲರದ್ದು, ಅಂದರೆ ಕಮಿಟಿಯದು.

ಕಾನೂನು ಏನನ್ನುತ್ತದೆ? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಮೇಲ್ಛಾವಣಿ 'ಸಾಮಾನ್ಯ ಪ್ರದೇಶ'. ಪ್ರತಿ ಮಾಲೀಕನಿಗೂ ಅದರಲ್ಲಿ ಪಾಲಿದೆ; ಉಳಿದವರ ಹಕ್ಕಿಗೆ ಅಡ್ಡಿಯಾಗದಂತೆ, ಅದು ಯಾತಕ್ಕೆ ಇದೆಯೋ ಅದಕ್ಕೆ ಬಳಸಬಹುದು. ಸಂಘಕ್ಕೆ ಬೈಲಾ ಮಾಡುವ ಅಧಿಕಾರವೂ ಇದೆ. ಆದರೆ ಡಿಶ್ ಹಾಕುವುದು 'ಬಳಕೆ'ಯೋ 'ಅಡ್ಡಿ'ಯೋ? 1995ರ ಕೇಬಲ್ ಕಾಯ್ದೆಯಲ್ಲಿ ಅಪಾರ್ಟ್‌ಮೆಂಟಿನ ಮಾಳಿಗೆಯ ಮಾತೇ ಇಲ್ಲ.

ಸಂಘದವರ ಮಾತನ್ನೂ ಕೇಳಬೇಕು. ಅರವತ್ತು ಮನೆಯವರು ಅರವತ್ತು ಡಿಶ್‌ಗೆ ರಂಧ್ರ ಕೊರೆದರೆ ಮಳೆಗಾಲದಲ್ಲಿ ಮೇಲಿನ ಮಹಡಿ ಸೋರುತ್ತದೆ. ಗಾಳಿಗೆ ಕಿತ್ತು ಕೆಳಗೆ ಬಿದ್ದರೆ ಯಾರ ತಲೆಗೋ. ತಂತಿ ಜೋತಾಡಿದರೆ ಕಟ್ಟಡವೂ ಅಂದಗೆಡುತ್ತದೆ. ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ಸೋರುವುದನ್ನು ತಡೆಯುವ ನಿಯಮ ಬೇರೆ, ಒಬ್ಬನೇ ಕೇಬಲ್‌ನವನ ಜತೆ ಒಪ್ಪಂದ ಮಾಡಿಕೊಂಡು ಉಳಿದವರಿಗೆ ಬಾಗಿಲು ಹಾಕುವುದು ಬೇರೆ. ಮೊದಲನೆಯದು ಕಟ್ಟಡದ ಕಾಳಜಿ, ಎರಡನೆಯದು ವ್ಯಾಪಾರ.

ಅಮೆರಿಕದಲ್ಲಿ ಈ ಗೆರೆಯನ್ನು 1996ರಲ್ಲೇ ಎಳೆದರು. ಅಲ್ಲಿನ ಎಫ್‌ಸಿಸಿ ನಿಯಮದಂತೆ, ಒಂದು ಮೀಟರಿಗಿಂತ ದೊಡ್ಡದಲ್ಲದ ಡಿಶ್ಶನ್ನು ನಿವಾಸಿ ತನ್ನ ಸ್ವಂತ ಬಳಕೆಯ ಜಾಗದಲ್ಲಿ ಹಾಕಿಕೊಂಡರೆ ಸಂಘ ತಡೆಯುವಂತಿಲ್ಲ. 1999ರಿಂದ ಬಾಡಿಗೆದಾರರಿಗೂ ಅದು ಅನ್ವಯ. ಸುರಕ್ಷತೆಗೆ, ಐತಿಹಾಸಿಕ ಕಟ್ಟಡಗಳಿಗೆ ವಿನಾಯಿತಿ ಇದೆ (ಗೋಳಗುಮ್ಮಟಕ್ಕೆ ಡಿಶ್ ಹಚ್ಚಬೇಕು ಅಂತ ನಾವೂ ಕೇಳುವುದಿಲ್ಲ ಬಿಡಿ). ಆದರೆ ಎಲ್ಲರ ಟೆರೇಸಿಗೆ ಆ ಹಕ್ಕು ಅಲ್ಲೂ ಇಲ್ಲ. ಉತ್ತರದ ಬಾಲ್ಕನಿಯವನ ಪಾಡು ಅಲ್ಲೂ ಅಷ್ಟೇ! 2007ರಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟು, ಇಡೀ ಅಪಾರ್ಟ್‌ಮೆಂಟನ್ನು ಒಂದೇ ಕೇಬಲ್ ಕಂಪನಿಗೆ ಬರೆದುಕೊಡುವ ಒಪ್ಪಂದಗಳನ್ನು ನಿಷೇಧಿಸಿದರು.

ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಸ್ವೀಡನ್ನಿನ ಪ್ರಕರಣ. ಇರಾಕ್ ಮೂಲದ ಒಂದು ಕುಟುಂಬ ಸ್ಟಾಕ್‌ಹೋಮಿನ ಹೊರವಲಯದಲ್ಲಿ ಬಾಡಿಗೆಗಿತ್ತು. ಅರಬ್ಬಿ, ಪಾರ್ಸಿ ಕಾರ್ಯಕ್ರಮ ನೋಡಲು ಡಿಶ್ ಹಾಕಿಕೊಂಡಿತ್ತು. ಬಾಡಿಗೆ ಕರಾರಿನಲ್ಲಿ ಅದಕ್ಕೆ ಅನುಮತಿ ಇರಲಿಲ್ಲ, ತೆಗೆಯಲು ಒಪ್ಪದ್ದಕ್ಕೆ ಮನೆ ಬಿಡಿಸಿದರು. 2008ರ ಡಿಸೆಂಬರಿನಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು: ಇದು ಮಾಹಿತಿ ಪಡೆಯುವ ಹಕ್ಕಿನ ಉಲ್ಲಂಘನೆ. ತಾಯ್ನಾಡಿನ ಭಾಷೆ, ಸಂಸ್ಕೃತಿಯ ಜತೆ ಸಂಪರ್ಕ ಇಟ್ಟುಕೊಳ್ಳುವುದು ಆ ಕುಟುಂಬಕ್ಕೆ ಮುಖ್ಯ ಅನ್ನುವುದನ್ನು ಕೋರ್ಟು ಗಮನಿಸಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ವೈನಿ. ಪುಣೆಯ ಆ ಫ್ಲ್ಯಾಟಿನಲ್ಲಿ ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಅವರ ಜತೆ ಕನ್ನಡ ಮಾತಾಡಲು ಇದ್ದದ್ದು ಟಿವಿ ಒಂದೇ. ಅದಕ್ಕೂ ಬೈಲಾ ಅಡ್ಡ ಬಂದರೆ? ಕಮಿಟಿಯವರು ಇದನ್ನು ಮನರಂಜನೆ ಅಂತ ಬರೆದುಕೊಳ್ಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ.

ಈಗ ಮೊಬೈಲ್, ಇಂಟರ್ನೆಟ್ ಟಿವಿ ಇದೆಯಲ್ಲ ಅನ್ನಬಹುದು. ಆದರೆ ಫೈಬರ್ ಎಳೆಯಲೂ ಅದೇ ಕಮಿಟಿಯ ಅನುಮತಿ ಬೇಕು. 2017ರ ಜನವರಿಯಲ್ಲಿ ಟ್ರಾಯ್ ಕಟ್ಟಡದೊಳಗೆ ದೂರಸಂಪರ್ಕ ಕಂಪನಿಗಳ ಪ್ರವೇಶದ ಬಗ್ಗೆ ಶಿಫಾರಸು ಕೊಟ್ಟಿತು. 2024ರಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮ ತಂದಿತು. ರೇಟಿಂಗ್ ಒಳ್ಳೆಯದೇ, ಆದರೆ ನಿವಾಸಿಯ ಕೈಗೆ ಹಕ್ಕು ಕೊಡುವುದು ಬೇರೆ ಮಾತು.

ಪರಿಹಾರ ಕಷ್ಟದ್ದೇನಲ್ಲ. ಟೆರೇಸಿನಲ್ಲಿ ಒಂದು ಗಟ್ಟಿ ಕಂಬ, ಕಂಪನಿಗೊಂದೇ ಡಿಶ್, ಅದರಿಂದಲೇ ಎಲ್ಲ ಮನೆಗಳಿಗೆ ಸಂಪರ್ಕ. ಇಂಥ ವ್ಯವಸ್ಥೆಯನ್ನು ಡಿಟಿಎಚ್ ಕಂಪನಿಗಳೇ ಕೊಡುತ್ತವೆ. ಅರವತ್ತು ರಂಧ್ರದ ಬದಲು ನಾಲ್ಕೈದು ಸಾಕು. ವಿಜಯಪುರದಲ್ಲೂ ಈಗ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಹೊಸ ಸಂಘಗಳು ಬೈಲಾ ಬರೆಯುವಾಗ ಈ ಒಂದು ಸಾಲು ಸೇರಿಸಿದರೆ ಮುಂದಿನ ಜಗಳವೇ ಇರುವುದಿಲ್ಲ. ನೀವು ಫ್ಲ್ಯಾಟ್ ನೋಡಲು ಹೋದಾಗ ನೀರು, ಪಾರ್ಕಿಂಗ್ ಕೇಳುವ ಹಾಗೆ ಇದನ್ನೂ ಕೇಳಿ. ಮನೆಯಲ್ಲಿ ಅವ್ವ ಇದ್ದರಂತೂ ಸಹಿ ಹಾಕುವ ಮೊದಲೇ ಕೇಳಿ.